ಬಿಳಿ ಸೇವಂತಿಗೆ

ಹಲ್ಲಿನ ಡಾಕ್ಟರ ಕೋಣೆಯಲ್ಲಿ ಅದೇ ಹೂವು. ಬ್ಯಾಂಕಿನ ಗೋಡೆಯ ಮೇಲೆ ಅದೇ ಹೂವು. ಲಿಫ್ಟಿನ ಪಕ್ಕದಲ್ಲೂ ಬಿಟ್ಟಿಲ್ಲ. ಜಪಾನಿನವರು ಒಂದೊಂದು ಬಣ್ಣಕ್ಕೂ ಒಂದೊಂದು ಮರದ ಹಲಗೆ ಕೆತ್ತಿ, ಕಾಗದಕ್ಕೆ ಒತ್ತಿ ತೆಗೆದ ಹೂಗಳವು. ನನ್ನ ತಮ್ಮ ಅವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ, ಕ್ಯಾನ್ವಾಸಿನ ಮೇಲೆ ಮುದ್ರಿಸಿ, ಚೌಕಟ್ಟಿಗೆ ಬಿಗಿದು ಊರಿಗೆಲ್ಲ ಮಾರುತ್ತಾನೆ. ಸೋಫಾ ನೀಲಿಯಾದರೆ ಹೂವೂ ನೀಲಿ. ಗೋಡೆ ಅಗಲವಾಗಿದ್ದರೆ ಕುಂಬಳಕಾಯಿ ಹೆಚ್ಚಿದ ಹಾಗೆ ಹೂವನ್ನೇ ಮೂರು ತುಂಡು ಮಾಡಿ ಕೊಡುತ್ತಾನೆ. ನನ್ನ ಮಂಜುಗಣ್ಣಿಗೂ ತಪ್ಪದೆ ಕಾಣುವಷ್ಟು ದೊಡ್ಡದು. ಕಂಡಾಗೆಲ್ಲ ಮುಖ ತಿರುಗಿಸುತ್ತೇನೆ.

ನಾನು ಟೈಲರ್. ಈಚೆಗೆ ಕಣ್ಣು ಕೈಕೊಡುತ್ತಿದೆ. ಸೂಜಿಗೆ ದಾರ ಪೋಣಿಸುವುದೂ ಅಂದಾಜಿನ ಮೇಲೆ. ತಮ್ಮನಿಗೆ ಹೇಳಿರಲಿಲ್ಲ. ಹೇಳಿದರೆ ಮೊದಲು ಹೊಲಿಗೆ ಮೆಷಿನ್ ಮಾರಿಸಿ, ಆಮೇಲೆ ನನ್ನನ್ನು ಮೂಲೆಗೆ ಕೂರಿಸುವ ಜಾತಿ ಅವನದು.

ನನ್ನ ಹತ್ತಿರ ಒಂದು ಅಸಲಿ ಚಿತ್ರವಿತ್ತು. ಹಡಗಿನಲ್ಲಿ ಅಡುಗೆಯವರಾಗಿದ್ದ ನನ್ನ ಗಂಡ ಜಪಾನಿನಿಂದಲೇ ತಂದದ್ದು, ಬೂದು ಹಿನ್ನೆಲೆಯಲ್ಲಿ ಒಂದೇ ಒಂದು ಬಿಳಿ ಸೇವಂತಿಗೆ. ಆ ಬಿಳಿಗೆ ಬಣ್ಣವೇ ಇಲ್ಲ. ಒದ್ದೆ ಕಾಗದವನ್ನು ಕೆತ್ತಿದ ಹಲಗೆಯ ಮೇಲಿಟ್ಟು ಬರಿದೇ ಒತ್ತಿದ್ದಾರೆ. ಎಸಳುಗಳು ಕಾಗದದಲ್ಲೇ ಉಬ್ಬಿ ನಿಂತಿದ್ದವು. ಮದುವೆಯಾದ ಹೊಸತರಲ್ಲಿ ಅವರು ನನ್ನ ಬೆರಳು ಹಿಡಿದು ಆ ಎಸಳುಗಳ ಮೇಲೆ ಓಡಿಸಿದ್ದರು. ಈಗ ಅವರಿಲ್ಲ. ಕಣ್ಣಿಗೆ ಮಸುಕಾದ ಹೂವು ಬೆರಳಿಗೆ ಮಾತ್ರ ಉಳಿದಿತ್ತು. ಬೆಳಿಗ್ಗೆ ಅದನ್ನು ಮುಟ್ಟದೆ ಕತ್ತರಿ ಮುಟ್ಟಿದವಳಲ್ಲ ನಾನು. ನಾಳೆ ಪೂರ್ತಿ ಕತ್ತಲಾದರೂ ಇದೊಂದು ಇರುತ್ತದೆ ಎಂಬ ಧೈರ್ಯವಿತ್ತು.

ತಮ್ಮ ಅದಕ್ಕೆ ಗಂಟುಬಿದ್ದ. ಬೆಣ್ಣೆ ಹಚ್ಚಿದ, ಮುನಿಸಿಕೊಂಡ, ಭಾವನ ನೆನಪು ನಾಲ್ಕು ಜನರ ಮನೆಯಲ್ಲಿರಲಿ ಎಂದು ಗದ್ಗದಿತನಾದ. ಸ್ಕ್ಯಾನ್ ಮಾಡಿ ಇದ್ದ ಹಾಗೇ ತಂದುಕೊಡುತ್ತೇನೆ ಎಂದ. ಕಾಗದಕ್ಕೆ ಏನೂ ಮಾಡಕೂಡದು ಎಂದು ಸಾರಿ ಸಾರಿ ಹೇಳಿದೆ. ಒಡಹುಟ್ಟಿದವನಲ್ಲವೇ, ಕೊಟ್ಟೆ.

ವಾರ ಕಳೆದು ಒಂದು ಸಂಜೆ ಬಂದ, ಕಂಕುಳಲ್ಲಿ ಹಿಡಿಸದಷ್ಟು ದೊಡ್ಡ ಕ್ಯಾನ್ವಾಸ್ ಹೊತ್ತು. ಉಡುಗೊರೆಯಂತೆ. ಕತ್ತರಿಸುವ ಮೇಜಿನ ಮೇಲೆ, ಯಾರದೋ ಕೋಟಿನ ತೋಳುಗಳ ಮೇಲೆಯೇ ಅದನ್ನು ಮಲಗಿಸಿದ. ಮೂಗು ತಾಗುವಷ್ಟು ಬಗ್ಗಿದೆ. ಇಂಕಿನ ವಾಸನೆ ಮೂಗಿಗೆ ಹೊಡೆಯಿತು. ಸೇವಂತಿಗೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು, ಥೇಟ್ ಒಸಡಿನ ಬಣ್ಣ. ಸ್ಕ್ಯಾನಿನಲ್ಲಿ ಹೂವಿನ ಜಾಗ ಖಾಲಿ ಬಂತಂತೆ. ಪಾಪ, ಬಣ್ಣ ಹಾಕಲು ಮರೆತಿದ್ದಾರೆ ಎಂದು ಇವನ ಡಿಸೈನರ್ ಕಂಪ್ಯೂಟರಿನಲ್ಲಿ ಎಸಳು ಬರೆದು ತುಂಬಿದಳಂತೆ. ಅದನ್ನು ಹೇಳಿ ನಗುತ್ತಿದ್ದ. ಅವನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಅಸಲಿ ಎಲ್ಲಿ ಎಂದು ಕೇಳಿದೆ.

ಚೀಲದಿಂದ ತೆಗೆದು ನನ್ನ ಕೈಗಿಟ್ಟ.

"ನೋಡಕ್ಕ, ಒಂದು ಸುಕ್ಕಿಲ್ಲ. ಬಿಸಿ ಪ್ರೆಸ್ಸಲ್ಲಿ ಒತ್ತಿ ಬೋರ್ಡಿಗೆ ಅಂಟಿಸ್ಬಿಟ್ಟೆ."

ಬೆರಳಿಟ್ಟೆ. ಜಾಗ ತಪ್ಪಿರಬೇಕೆಂದು ಇನ್ನೊಂದು ಕಡೆ ಇಟ್ಟೆ. ಕೊನೆಗೆ ಅಂಗೈಯಿಂದಲೇ ಸವರಿದೆ. ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ನುಣ್ಣಗಿತ್ತು. ಎಸಳಿಲ್ಲ, ಎಸಳಿನ ಅಂಚಿಲ್ಲ. ಹೇಸಿಗೆ ಹುಟ್ಟಿತು. ಅವನ ಮೇಲೆ, ಅವನ ಪ್ರೆಸ್ಸಿನ ಮೇಲೆ, ಎತ್ತಿ ಕೊಟ್ಟ ನನ್ನ ಕೈಯ ಮೇಲೂ.

ಹೂವನ್ನೇನು ಮಾಡಿದೆ ಎಂದೆ.

"ಅಲ್ಲಿ ಏನೂ ಇರ್ಲಿಲ್ವಲ್ಲಕ್ಕ."

ಸುಳ್ಳು ಹೇಳುತ್ತಿರಲಿಲ್ಲ, ಅದೇ ಇನ್ನೂ ಅಸಹ್ಯ. ಉಬ್ಬಿದ್ದ ಎಸಳುಗಳ ವಿಷಯ ಬಿಡಿಸಿ ಹೇಳಿದೆ. ಅಷ್ಟೇ ತಾನೇ, ಕ್ಯಾನ್ವಾಸಿನ ಮೇಲೆ ದಪ್ಪಗೆ ಜೆಲ್ ಬಳಿಸಿ ಉಬ್ಬು ಮಾಡಿಸಿಕೊಡುತ್ತೇನೆ, ಈಗ ಅದಕ್ಕೂ ಗಿರಾಕಿಗಳಿದ್ದಾರೆ ಎಂದ. ಮಾತಾಡುತ್ತಲೇ ಕ್ಯಾನ್ವಾಸ್ ಎತ್ತಿಕೊಂಡು, ಯಾವ ಗೋಡೆಗೆ ಒಪ್ಪುತ್ತದೆ ಎಂದು ನೋಡುತ್ತಾ ಓಡಾಡತೊಡಗಿದ.

ನಾನು ಬೋರ್ಡನ್ನು ಅವನಿಗೇ ವಾಪಸ್ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ. ಹಿಡಿಯೋ ಎಂದು ಗದರಿಸಿದೆ. ಬೆನ್ನ ಹಿಂದೆ ಅವನ ಓಡಾಟ ನಿಂತುಹೋಯಿತು.

"ಅಕ್ಕ, ಅದು ಕೋಟು ಹಾಕಿರೋ ಬೊಂಬೆ," ಅಂದ ಮೆಲ್ಲಗೆ. "ನಾನಿಲ್ಲಿದ್ದೀನಿ."

ಧ್ವನಿ ಬಂದ ಕಡೆಗೆ ತಿರುಗಿದೆ.

"ತಗೊಂಡು ಹೋಗೋ ಇದನ್ನ. ಇನ್ನು ಇದು ನೋಡೋಕೆ ಮಾತ್ರ ಆಗೋದು. ನೋಡೋರ ಮನೇಲಿರ್ಲಿ."