ಎರಡು ಕಪ್ಪು ಗೆರೆ

ಸೂಕ್ಷ್ಮದರ್ಶಕದಡಿ ಇದ್ದ ಹುಳುವಿನ ಹಿಂಭಾಗದಲ್ಲಿ, ಚರ್ಮದೊಳಗಿಂದ ಎರಡು ಕಪ್ಪು ಗೆರೆಗಳು ಎದ್ದು ಕಾಣುತ್ತಿದ್ದವು. ನೊಣಗಳ ಪರೀಕ್ಷಕಿ ಕಣ್ಣುಜ್ಜಿಕೊಂಡು ಮತ್ತೆ ನೋಡಿದಳು. ಗೆರೆಗಳು ಅಲ್ಲೇ ಇದ್ದವು; ಅವೇ ಗುರುತು. ಹಸಿ ಗಾಯದಲ್ಲಿ ಮೊಟ್ಟೆಯಿಡುವ, ಮರಿಗಳು ಜೀವಂತ ಮಾಂಸವನ್ನೇ ತಿನ್ನುವ ನೊಣ ಇದು. ಈ ಸೀಮೆಯಲ್ಲಿ ಅದು ಇಲ್ಲವೇ ಇಲ್ಲ ಎಂದು ಅವಳೇ ಹತ್ತು ಕಡೆ ಭಾಷಣ ಬಿಗಿದಿದ್ದಳು.

ಹುಳುವಿದ್ದ ಸೀಸೆ ಅವಳ ಅಕ್ಕ ತಂದುಕೊಟ್ಟದ್ದು. ಎಳಗರುವಿನ ಹೊಕ್ಕುಳಲ್ಲಿದ್ದ ಹುಳುಗಳನ್ನು ಹಿಡಿದುಕೊಂಡು ಕಳೆದ ವಾರ ಬಸ್ಸು ಹತ್ತಿ ಬಂದಿದ್ದಳು. ಹುಳು ಎಲ್ಲಿಯದು ಎಂದು ಮೊದಲು ಕೇಳಿ, ಆ ಊರಲ್ಲಿರುವ ನೊಣಗಳಲ್ಲೇ ಒಂದರ ಹೆಸರು ಹೇಳುವುದು ಇವಳ ರೂಢಿ. ಅಂದು ಮುಚ್ಚಳವನ್ನೂ ತೆರೆಯಲಿಲ್ಲ. "ಕೊಟ್ಟಿಗೆ ಗಲೀಜಾಗಿಟ್ಕೊಂಡ್ರೆ ಇನ್ನೇನಾಗುತ್ತಕ್ಕಾ? ಮೊದ್ಲು ತೊಳಿ ಹೋಗು," ಎಂದು ಪ್ರಯೋಗಾಲಯದಲ್ಲಿ ಎಲ್ಲರೆದುರಿಗೇ ಅಂದುಬಿಟ್ಟಿದ್ದಳು. ಅಕ್ಕನ ಮುಖ ಸಪ್ಪಗಾಗಿತ್ತು. ಇವತ್ತು ಮೇಜು ಒರೆಸುವಾಗ ಸೀಸೆ ಕೈಗೆ ಸಿಕ್ಕಿದ್ದಕ್ಕಷ್ಟೇ ನೋಡಿದ್ದು.

ಪಕ್ಕದ ಮೇಜಿನ ಹಿರಿಯರೂ ಬಗ್ಗಿ ನೋಡಿದರು. "ಇದು ತಾನಾಗೇ ಹಾರಿ ಬಂದಿದ್ದಲ್ಲಮ್ಮಾ. ಗಡಿ ಆ ಕಡೆಯಿಂದ ಯಾರಾದ್ರೂ ಗಾಯ ಆಗಿರೋ ದನ, ನಾಯಿ ತಂದ್ರಾ?"

ಅವಳೇ ತಂದಿದ್ದಳು. ಹೋದ ತಿಂಗಳು ಗಡಿಯಾಚೆ ಕೆಲಸ ಮುಗಿಸಿ ಬರುವಾಗ ಜೊತೆಗಿದ್ದ ತನ್ನ ನಾಯಿಯ ಕಿವಿ ಸೋರುತ್ತಿತ್ತು. ತಲೆ ಕೊಡವುತ್ತಿದ್ದ ಅದನ್ನು ಅಕ್ಕನ ಕೊಟ್ಟಿಗೆಯಲ್ಲಿ ಕಟ್ಟಿ, ಕೈ ತೊಳೆದುಕೊಂಡಿದ್ದಳು. ಕಿವಿಯಿಂದ ಉದುರಿದ ಹುಳುಗಳು ಕೊಟ್ಟಿಗೆಯಂಚಿನ ಮಣ್ಣಲ್ಲೇ ನೊಣವಾಗಿ, ಕರುವಿನ ಹೊಕ್ಕುಳಲ್ಲಿ ಮೊಟ್ಟೆಯಿಟ್ಟಿದ್ದವು. ಮುಲಾಮು ಹಚ್ಚಿ ನಾಯಿಯನ್ನು ವಾಸಿ ಮಾಡಿದ್ದೂ ಅಕ್ಕನೇ. ನಾಚಿಕೆಯಿಂದ ಇವಳ ಮೈ ಹಿಡಿಯಾಯಿತು.

ಸಂಜೆ ಪಶುವೈದ್ಯರನ್ನು ಕರೆದುಕೊಂಡು ಹೋದಾಗ ಕೊಟ್ಟಿಗೆಯ ನೆಲ ಕನ್ನಡಿಯಂತಿತ್ತು. ಫಿನಾಯಿಲಿನ ವಾಸನೆ ಮೂಗಿಗೆ ಹೊಡೆಯಿತು. ಕರು ಮೂಲೆಯಲ್ಲಿ ಕತ್ತು ಚೆಲ್ಲಿ ಮಲಗಿತ್ತು. ವೈದ್ಯರು ಅದರ ಪಕ್ಕ ಕೂತು ಚಿಮಟ ತೆಗೆದರು.

"ದಿನಾ ಎರಡು ಸಲ ಉಜ್ತಿದೀನಿ ಕಣೆ. ಆದ್ರೂ ಹುಳ ಹೋಗ್ತಿಲ್ಲ," ಎಂದಳು ಅಕ್ಕ. ಅವಳ ಬೆರಳುಗಳು ಒಡೆದಿದ್ದವು.

"ಅದು ಗಲೀಜಿಗೆ ಬರೋ ನೊಣ ಅಲ್ಲಕ್ಕಾ. ನನ್ನ ನಾಯಿಯಿಂದ ಬಂದಿದ್ದು. ನಾನು ನೋಡ್ದೇನೇ ಬಾಯಿಗೆ ಬಂದಿದ್ದು ಅಂದ್ಬಿಟ್ಟೆ."

ಅಕ್ಕ ಕರುವಿನ ಕಡೆಗೆ ನೋಡಿದಳು.

"ಹಾಗಾದ್ರೆ ನನ್ನ ಕೊಟ್ಟಿಗೆ ಗಲೀಜಿರ್ಲಿಲ್ಲ?"

"ಇರ್ಲಿಲ್ಲಕ್ಕಾ."

"ಅವತ್ತು ಅಲ್ಲಿದ್ರಲ್ಲ, ಅವರಿಗೂ ಹೇಳು."

ಇವಳು ತಲೆಯಾಡಿಸಿದಳು. ಬಾಗಿಲಿಂದ ಇಲ್ಲಿಯವರೆಗೆ ಒದ್ದೆ ನೆಲದ ಮೇಲೆ ಇವಳ ಬೂಟಿನ ಕೆಸರು ಹೆಜ್ಜೆಗಳು ಮೂಡಿದ್ದವು. ಅಕ್ಕ ಬಕೆಟ್ಟು ಎಳೆದುಕೊಂಡು, ಬಗ್ಗಿ, ಅವನ್ನು ಒಂದೊಂದಾಗಿ ತೊಳೆಯತೊಡಗಿದಳು.