ಪುಡ್ಡಿಂಗ್ ಒಳಗಿದ್ದಾಗ ಬಾಗಿಲು ತೆಗೆಯಬಾರದು

ಆಕ್ರಾಯ್ಡ್ ಮನೆಯಲ್ಲಿ ಭಾನುವಾರ, ಮಾಂಸದೂಟಕ್ಕೆಂದು ಹಿಟ್ಟು, ಮೊಟ್ಟೆ ಕದಡಿ ಮಾಡುವ ಪುಡ್ಡಿಂಗ್ ಓವನ್ನಿಗೆ ಹೋಯಿತೆಂದರೆ ಯಾವ ಬಾಗಿಲನ್ನೂ ತೆಗೆಯುವಂತಿಲ್ಲ. ಓವನ್ನಿನದೂ ಇಲ್ಲ, ಹಿತ್ತಿಲಿನದೂ ಇಲ್ಲ. ಥಂಡಿ ಗಾಳಿ ಸೋಕಿದರೆ ಉಬ್ಬಿದ್ದು ಕುಸಿದುಬಿಡುತ್ತದಂತೆ. ತೀರಿಹೋದ ತಾಯಿ ಮಾಡಿಟ್ಟ ಕಟ್ಟಳೆ ಅದು. ಅಪ್ಪ ಸೇತ್‌ನಿಗೆ ಪಾದ್ರಿಯ ಮಾತಿಗಿಂತ ಅದೇ ಒಂದು ಕೈ ಮೇಲು. ತಾಯಿ ಹೋದಮೇಲೆ ಆ ಒಲೆ, ಆ ಅಪ್ಪ, ಎರಡೂ ಮಗಳು ಥರ್ಜಾಳ ಕುತ್ತಿಗೆಗೆ ಬಿದ್ದವು. ಮದುವೆಯ ಮಾತು ಎತ್ತಿದವರಿಗೆಲ್ಲ ಸೇತ್, "ಅವಳು ಹೋದ್ರೆ ನನ್ನ ಭಾನುವಾರದ ಗತಿ ಏನು?" ಎಂದು ನಗುತ್ತಿದ್ದ. ಥೂ, ಎಂಥ ನಗೆಯೋ!

ಈ ಭಾನುವಾರ ಮಾತ್ರ ಅವಳ ಚೀಲ ಕಲ್ಲಿದ್ದಲ ಗೂಡಿನ ಹಿಂದೆ ಸಿದ್ಧವಾಗಿ ಕೂತಿತ್ತು. ಅವಳು ಮೆಚ್ಚಿದ ಬಸ್ ಡ್ರೈವರ್ ಸಿರಿಲ್ ಕೆಲಸ ಬಿಟ್ಟು ದೂರದ ದಕ್ಷಿಣದಲ್ಲಿದ್ದ ತನ್ನೂರು ಕೆಂಟ್‌ಗೆ ಹೊರಟಿದ್ದ. "ಹನ್ನೆರಡಕ್ಕೆ ಹಿತ್ತಿಲ ಬಾಗ್ಲು ತಟ್ತೀನಿ. ತೆಗೆದ್ರೆ ಇಬ್ರೂ ರೈಲು ಹತ್ತೋಣ. ತೆಗೀದಿದ್ರೆ ಬೇಡ ಅಂತ ತಿಳ್ಕೋತೀನಿ. ಮತ್ತೆ ಕಾಡೋಲ್ಲ, ಥರ್ಜಾ," ಅಂದಿದ್ದ. ಅವಳು ಲೆಕ್ಕ ಹಾಕಿಯೇ ಒಪ್ಪಿದ್ದಳು. ಅಷ್ಟುಹೊತ್ತಿಗೆ ಪುಡ್ಡಿಂಗ್ ಮೇಜಿನ ಮೇಲಿರುತ್ತದೆ, ಅಪ್ಪನ ಬಾಯಿ ತುಂಬಿರುತ್ತದೆ.

ಆದರೆ ಹಾಳು ಪಾದ್ರಿ ಇವತ್ತೇ ಉಪದೇಶ ಎಳೆಯಬೇಕೇ! ಪ್ರಾರ್ಥನೆ ಮುಗಿಸಿ ಬರುವಾಗಲೇ ತಡ. ದನದ ಮಾಂಸ ತಡ. ಅದರ ಕೊಬ್ಬು ಹೊಗೆಯಾಡುವವರೆಗೆ ಕಾದು ಹಿಟ್ಟು ಸುರಿದು ಓವನ್ ಮುಚ್ಚುವಾಗ ಗಡಿಯಾರದ ಮುಳ್ಳು ಹನ್ನೆರಡರ ಮೇಲೇ ಇತ್ತು.

"ಏನೇ, ಕೆಂಡ ತುಳಿದೋರ ಹಾಗೆ ಆಡ್ತೀಯಾ? ಕೂತ್ಕೋ," ಅಂದ ಸೇತ್. "ನೋಡ್ತಾ ನಿಂತ್ರೆ ಬೇಗ ಉಬ್ಬುತ್ತಾ ಅದು?"

ಬಾಗಿಲು ತಟ್ಟಿದ ಸದ್ದು.

ಥರ್ಜಾ ಎದ್ದಳು. ಕೈ ಅಗುಳಿಯ ತನಕ ಹೋಯಿತು.

"ಪುಡ್ಡಿಂಗ್ ಒಳಗಿದೆ," ಅಂದ ಅಪ್ಪ. ತಲೆ ಕೂಡ ಎತ್ತಲಿಲ್ಲ.

"ಯಾರೋ ಬಂದಿದಾರೆ ಅಪ್ಪಾ."

"ಬಂದೋರು ಕಾಯ್ತಾರೆ. ನಿಮ್ಮಮ್ಮ ಇದ್ದಿದ್ರೆ ರಾಜ ಬಂದ್ರೂ ತೆಗೀತಿರ್ಲಿಲ್ಲ."

ಮತ್ತೆ ತಟ್ಟಿದರು, ಮೆಲ್ಲಗೆ. ಕೆಂಟ್‌ನವನಿಗೆ ಈ ಮನೆಯ ಕಟ್ಟಳೆ ಏನು ಗೊತ್ತು ಪಾಪ! 'ನಿಲ್ಲು ಸಿರಿಲ್' ಎಂದು ಒಂದು ಮಾತು ಕೂಗಬಹುದಿತ್ತಲ್ಲ? ಕೂಗಬಹುದಿತ್ತು. ಅಷ್ಟು ವರ್ಷ ಅಭ್ಯಾಸವಾದ ಕೈ ಅಗುಳಿಯ ಮೇಲೇ ಸತ್ತಂತೆ ನಿಂತಿತು. ಹೊರಗೆ ಬೂಟಿನ ಸದ್ದು ಕಲ್ಲುಹಾಸಿನ ಮೇಲೆ ದೂರವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ದೂರದಲ್ಲಿ ರೈಲು ಕೂಗಿ ಹೋಯಿತು. ಅವಳು ಇನ್ನೂ ಅಲ್ಲೇ ನಿಂತಿದ್ದಳು.

ಆಗ ಹೊರಗಿಂದ ಬೆಕ್ಕು ಬಾಗಿಲು ಪರಚಿತು. ಸೇತ್ ಕುರ್ಚಿಯಿಂದ ಎದ್ದ. ಅವಳನ್ನು ಪಕ್ಕಕ್ಕೆ ಸರಿಸಿದ. ಅಗುಳಿ ತೆಗೆದು ಬಾಗಿಲನ್ನು ಅಗಲವಾಗಿ ತೆರೆದ. ಬೆಟ್ಟದ ಥಂಡಿ ಗಾಳಿ ಅಡುಗೆಮನೆಗೆಲ್ಲ ನುಗ್ಗಿತು.

"ಬಾರೋ ಕಳ್ಳಾ," ಅಂದ ಬೆಕ್ಕಿಗೆ.

"ಅಪ್ಪಾ, ಬಾಗ್ಲು ತೆಗೆದ್ಯಲ್ಲ," ಅಂದಳು ಥರ್ಜಾ. "ಪುಡ್ಡಿಂಗ್ ಒಳಗಿದೆ."

"ಬೆಕ್ಕು ಕಣೇ. ಚಳಿ ಅಲ್ವಾ ಅದಕ್ಕೆ?"

ಅವಳು ಬಟ್ಟೆ ಹಿಡಿದು ಓವನ್ ತೆರೆದಳು. ಪುಡ್ಡಿಂಗ್ ಹೊಂಬಣ್ಣವಾಗಿ ತಟ್ಟೆಯ ಅಂಚು ದಾಟಿ ಎದ್ದು ನಿಂತಿತ್ತು. ಒಂದಿಷ್ಟೂ ಕುಸಿದಿರಲಿಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ಮೇಲೆ, ಸತ್ತ ತಾಯಿಯ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಕೈಯ ಮೇಲೆ.

"ಆಹಾ! ಥೇಟ್ ನಿಮ್ಮಮ್ಮಂದೇ!" ಅಂದ ಸೇತ್. ಆ ಮನೆಯಲ್ಲಿ ಮಾಂಸಕ್ಕೆ ಮೊದಲು ಪುಡ್ಡಿಂಗು, ಅದರ ಮೇಲೆ ಮಾಂಸದ ರಸದ ಬಿಸಿ ಗ್ರೇವಿ. ಅವನು ತಟ್ಟೆ ಮುಂದೆ ಚಾಚಿದ. "ನೀನೂ ಬಡಿಸ್ಕೋ. ಹಳೇ ಮಾತು ಗೊತ್ತಲ್ಲ, ಪುಡ್ಡಿಂಗ್ ಹೆಚ್ಚು ತಿಂದೋರಿಗೆ ಮಾಂಸ ಹೆಚ್ಚು."

ಬಾಗಿಲು ಇನ್ನೂ ತೆರೆದೇ ಇತ್ತು. ಥರ್ಜಾ ಅದನ್ನು ನೋಡಿದಳು. ಆಮೇಲೆ ಹೋಗಿ ಮುಚ್ಚಿ, ಅಗುಳಿ ಹಾಕಿ, ಅಪ್ಪನಿಗೆ ಬಡಿಸಿದಳು.