ಅಣ್ಣನ ಹೆಸರಿನ ಮುಂದಿನ ಇಸವಿ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ಬೀಳುತ್ತಿತ್ತು. ಹಾಗಾಗಿ ಬಂಧುಬಳಗವೆಲ್ಲ ಸೇರಿ ಇಂಟರ್‌ನೆಟ್ಟಿನಲ್ಲಿ ಬೆಳೆಸುತ್ತಿದ್ದ ವಂಶವೃಕ್ಷದ ತಪ್ಪು ತಿದ್ದುವ ಉಸಾಬರಿಯೂ ಅವಳ ತಲೆಗೇ ಬಂದಿತ್ತು. ಯಾರೋ ಮುತ್ತಜ್ಜಿಯನ್ನು ಅವಳ ಮಗನಿಗಿಂತ ಚಿಕ್ಕವಳನ್ನಾಗಿ ಮಾಡಿಟ್ಟಿದ್ದರು. ಇನ್ಯಾರೋ ಸೋದರಮಾವನಿಗೆ ಅವನ ನಾದಿನಿಯನ್ನೇ ಗಂಟು ಹಾಕಿದ್ದರು. “ಮಾವ ಇದ್ದಿದ್ರೆ ಬೇಡ ಅಂತಿರ್ಲಿಲ್ಲ” ಎಂದು ನಗುತ್ತಲೇ ಅದನ್ನು ಸರಿಮಾಡಿದ್ದಳು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೊಬೈಲು ತೆರೆದರೆ, ಅಣ್ಣನ ಹೆಸರಿನ ಮುಂದೆ ಸಾವಿನ ಇಸವಿ ಕೂತಿತ್ತು. ಅವನು ಕಾಣೆಯಾದ ವರ್ಷವೇ.

ಅಣ್ಣ ಲಿಫ್ಟ್ ರಿಪೇರಿ ಮಾಡುವವನು. ಐದಾರು ವರ್ಷಗಳ ಹಿಂದೆ ಸ್ಪ್ಯಾನರು, ತಂತಿ ತುಂಬಿದ ಚೀಲ ಹೆಗಲಿಗೇರಿಸಿ ಹೊರಟವನು ಕೆಲಸದ ಜಾಗಕ್ಕೂ ಹೋಗಲಿಲ್ಲ, ಮನೆಗೂ ಬರಲಿಲ್ಲ. ಆಸ್ಪತ್ರೆ, ಪೊಲೀಸ್ ಠಾಣೆ, ಶವಾಗಾರ ಎಂದು ಅಲೆದು ಚಪ್ಪಲಿ ಸವೆದವೇ ಹೊರತು ಒಂದು ಸುಳಿವೂ ಸಿಗಲಿಲ್ಲ. ಅಮ್ಮ ಮಗನ ದಾರಿ ನೋಡುತ್ತಲೇ ಕಣ್ಣು ಮುಚ್ಚಿದಳು. ಮನೆಯಲ್ಲಿ ಉಳಿದವರು ಅವಳು, ಅತ್ತಿಗೆ ಇಬ್ಬರೇ.

ಇಸವಿಯನ್ನು ಅಳಿಸಿದಳು. ಮಾರನೆಯ ದಿನ ಮತ್ತೆ ಬಂತು. ಅಳಿಸಿದಳು. ಮತ್ತೆ ಬಂದಾಗ ಸಿಟ್ಟು ನೆತ್ತಿಗೇರಿ, ದೊಡ್ಡಪ್ಪನ ಮಗನಿಗೆ ಫೋನು ಹಚ್ಚಿದಳು. ವಂಶವೃಕ್ಷದ ಉಸ್ತುವಾರಿ ಅವನದೇ. ಯಾರು ಏನು ತಿದ್ದಿದರು ಎನ್ನುವುದು ಅವನೊಬ್ಬನಿಗೆ ಕಾಣುತ್ತಿತ್ತು. ಮನೆಮಂದಿಗೆಲ್ಲ ಅವನು ಕಂಪ್ಯೂಟರ್ ಅಣ್ಣ.

“ಯಾರಣ್ಣ ಅದು, ನಮ್ಮಣ್ಣನ್ನ ಸಾಯಿಸ್ತಿರೋದು? ಹೆಣ ನೋಡಿದಾರಂತಾ?”

“ಹೊರಗಿನೋರಲ್ಲಮ್ಮ. ನಿಮ್ಮತ್ತಿಗೆ.”

ಸಂಜೆ ಮನೆಗೆ ಬಂದಾಗ ಅತ್ತಿಗೆ ಯಾರದೋ ಮನೆಯ ಪರದೆ ಬಟ್ಟೆಯನ್ನು ನೆಲಕ್ಕೆ ಹರವಿಕೊಂಡು, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಅಂಚು ಮಡಿಸುತ್ತಿದ್ದಳು.

“ನೀವಾ ಅತ್ತಿಗೆ, ಅದನ್ನ ಬರೆದಿದ್ದು?”

ಅತ್ತಿಗೆ ಸೂಜಿಗಳನ್ನು ಒಂದೊಂದಾಗಿ ತೆಗೆದು ಬಟ್ಟೆಗೆ ಚುಚ್ಚಿದಳು. “ಹೂಂ, ನಾನೇ.”

“ಮನಸ್ಸಾದ್ರೂ ಹೇಗೆ ಬಂತು ನಿಮಗೆ? ನಾಳೆ ಅವನು ಬಂದ್ರೆ?”

“ಬರ್ಲಿ. ಬಂದ್ರೆ ಕುಣಿದಾಡ್ತೀನಿ. ನಿನಗೆ ಅಣ್ಣ ಎಲ್ಲೋ ಒಂದು ಕಡೆ ಬದುಕಿದ್ರೆ ಸಾಕು ಕಣೇ. ನನಗೆ ಹಾಗಲ್ಲ. ಬದುಕಿದಾರೆ ಅಂದ್ರೆ, ನನ್ನ ಬಿಟ್ಟು ಹೋದ್ರು ಅಂತ್ಲೇ ಅರ್ಥ. ಎಲ್ಲೋ ಉಣ್ತಿದಾರೆ, ಮಲಗ್ತಿದಾರೆ, ನಾನು ಮಾತ್ರ ಬೇಡವಾದೆ. ದಿನಾ ಅದನ್ನೇ ನುಂಗ್ತಾ ಹೇಗಿರ್ಲಿ ಹೇಳು? ಸತ್ತೋದ್ರು ಅಂತ ಬರ್ಕೊಂಡ್ರೆ, ಕೊನೇತನಕ ನನ್ನೋರಾಗೇ ಇದ್ರು ಅಂತ ಅಳಬಹುದು. ನೀನು ಅಳೋಕೂ ಬಿಡ್ತಿಲ್ವಲ್ಲೇ.”

ಒಂದೇ ಸೂರಿನಡಿ, ಒಂದೇ ಒಲೆಯಲ್ಲಿ ಬೇಯಿಸಿಕೊಂಡು ಇಷ್ಟು ವರ್ಷ ಇದ್ದರೂ ಅವಳು ಅತ್ತಿಗೆಯ ಕಡೆಯಿಂದ ಒಮ್ಮೆಯೂ ಯೋಚಿಸಿರಲಿಲ್ಲ. ಬಟ್ಟೆ ಸರಿಸಿ ಪಕ್ಕದಲ್ಲಿ ಕೂತಳು. ಅತ್ತಿಗೆ ಅವಳ ಹೆಗಲಿಗೆ ತಲೆಯಿಟ್ಟು, ಮೊದಲು ಸದ್ದಿಲ್ಲದೆ, ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷಗಳಲ್ಲಿ ಆ ಅಳು ಕೇಳಿದ್ದು ಅದೇ ಮೊದಲು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅತ್ತಿಗೆಯ ಬಿಕ್ಕು ಗಕ್ಕನೆ ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದು ಕೇಳಿಸಿಕೊಂಡರು. ಹೆಜ್ಜೆಗಳು ಅವರ ಬಾಗಿಲು ದಾಟಿ ಮೇಲಿನ ಮಹಡಿಗೆ ಹೋದವು.

“ಮೇಲ್ಗಡೆ ಮನೆಯೋರು,” ಎಂದಳು ಅತ್ತಿಗೆ, ಮೂಗು ಒರೆಸಿಕೊಳ್ಳುತ್ತಾ.

ಆ ಇಸವಿಯನ್ನು ಅವಳು ಮತ್ತೆ ಅಳಿಸಲಿಲ್ಲ.